ಓಣಿ ವಾಚನಾಲಯದ ಹಳೇ ಚರ್ಚಾ ವಹಿಗಳು: ಯಾವುದು ಇಡೂದು, ಯಾವುದು ರದ್ದಿಗೆ ಹಾಕೂದು?

ಬೆಟಗೇರಿ ಮಗ್ಗ
ಎಲ್ಲಾರಿಗೂ ನಮಸ್ಕಾರ್ರಿ. ಗದಗ-ಬೆಟಗೇರಿಯ ನಮ್ಮ ಓಣಿ ವಾಚನಾಲಯದ ಕಟ್ಟಡ ಈ ಸಲದ ಮಳಿಗೆ ಪೂರಾ ಸೋರಾಕ ಹತ್ತೈತಿ. ಕೆಡವಿ ಕಟ್ಟೂತನಕ ಸಮುದಾಯ ಭವನದಾಗ ಒಂದು ಖೋಲಿ ಕೊಟ್ಟಾರ. ನಮ್ಮ ಸಾಮಾನಿನ ಅರ್ಧಾನೂ ಅಲ್ಲಿ ಹಿಡಿಯೂದಿಲ್ಲ. ಪುಸ್ತಕದ ಚಿಂತಿ ಇಲ್ಲ, ಹೆಂಗರ ಹೊಂದಿಸತೇವಿ. ತಲಿ ಕೆಡಿಸಿರೂದು ಹಳೇ ಕಾಗದ. ಪೇಪರ್ ಕಟ್ಟು, ಮಾಸಪತ್ರಿಕೆ, ಕೀರ್ದಿ-ಖತಾವಣಿ (ದಿನದ ಲೆಕ್ಕ, ಖಾತೆವಾರು ಲೆಕ್ಕದ ಪುಸ್ತಕ), ಪಾವತಿ ಪುಸ್ತಕ, ಸಭೆಯ ಠರಾವು, ಅವುಗಳ ಜೋಡಿ ಚರ್ಚಾ ವಹಿಗಳು.

ಚರ್ಚಾ ವಹಿ ಅಂದ್ರ ಏನಂತ ಗೊತ್ತಿಲ್ಲದವರಿಗೆ ಹೇಳತೇನಿ. ಬಾಗಲದ ಹತ್ರ ಮೇಜಿನ ಮ್ಯಾಲ ಒಂದು ಉದ್ದನ ವಹಿ, ದಾರ ಕಟ್ಟಿದ ಪೆನ್ಸಿಲ್ ಇರತಿತ್ತು. ಯಾರರ ಒಂದು ವಿಷಯ ಬರೀತಿದ್ರು, ಮರುದಿವಸ ಇನ್ನೊಬ್ಬರು ಅದರ ಕೆಳಗ ಉತ್ತರ ಬರೀತಿದ್ರು. ಹಂಗ ಹಾಳಿಗಟ್ಟಲೆ ವಾದ ನಡೀತಿತ್ತು. ಏಕೀಕರಣ ಆದ ಮ್ಯಾಲ ಸುರು ಆಗಿದ್ದು, ಟಿವಿ ಮನಿ ಮನಿಗೆ ಬಂದ ಮ್ಯಾಲ ನಿಂತೈತಿ. ಕೈಮಗ್ಗ ಉಳೀತೈತೋ ಪವರ್‌ಲೂಮ್ ಗೆಲ್ಲತೈತೋ, ಗೋಕಾಕ ವರದಿ, ಕುಡಿಯೂ ನೀರು, 1997ರಾಗ ಗದಗ ಬ್ಯಾರೆ ಜಿಲ್ಲಾ ಆದಾಗ ಧಾರವಾಡ ಬಿಡೂದು ಛಲೋನೋ ಅಲ್ಲೋ, ಎಲ್ಲಾ ಐತಿ. ಅದರ ನಡುವನ ಯಾರ ಮಗಳು ಯಾರ ಜೋಡಿ ಹೋದಳು, ಯಾರು ಕಟ್ಟಡ ನಿಧಿ ತಿಂದರು, ಜಾತಿ ಹಿಡಿದು ಬೈದಾಟ. ಹೆಸರು ಸಮೇತ.

ಸಮಿತಿಯೊಳಗ ಇಬ್ಬರು ಎಲ್ಲಾ ರದ್ದಿಗೆ ಅಂತಾರ. ಒಬ್ಬರು ಒಂದು ಹಾಳಿನೂ ಕೊಡಂಗಿಲ್ಲ ಅಂತಾರ. ನನ್ನ ವಿಚಾರ ಇಷ್ಟು: ಠರಾವು ಉಳಿದರ ಸಾಲದು, ಆ ಠರಾವಿಗೆ ಬರೂಕಿಂತ ಮೊದಲ ಆದ ಜಗಳನೂ ಉಳೀಬೇಕು. ಆದ್ರ ಎಲ್ಲಾ ಜಗಳ ಇಡಾಕ ಜಾಗ ಇಲ್ಲ. ಯಾವ ಅಳತಿ ಹಚ್ಚಿ ಆರಿಸೂದು ಹೇಳ್ರಿ.

ಹುಬ್ಬಳ್ಳಿ ಗಿರ್ಮಿಟ್
ಪೇಪರ್ ಕಟ್ಟು ಮೊದಲ ಒಗೀರಿ ಅಣ್ಣಾರ. ಅರ್ಧ ಕಪಾಟು ಅಲ್ಲೇ ಖಾಲಿ ಆಗತಾವ.

ಸಪ್ತಾಪುರದ ಅಕ್ಕ
ಧಾರವಾಡದ ಕಾಲೇಜೊಂದರ ಗ್ರಂಥಾಲಯದಲ್ಲಿ ಕೆಲಸ ಮಾಡಿ ನಿವೃತ್ತಳಾದವಳು ನಾನು. ಗಿರ್ಮಿಟ್ ಅವರು ಹೇಳಿದ್ದಕ್ಕೆ ನನ್ನ ಒಪ್ಪಿಗೆ ಇದೆ, ಆದರೆ ಕಾರಣ ಬೇರೆ. ದಿನಪತ್ರಿಕೆಯ ಕಾಗದ ಕಟ್ಟಿಗೆಯ ತಿರುಳಿನಿಂದ ಮಾಡಿದ್ದು. ಅದರೊಳಗಿನ ಲಿಗ್ನಿನ್ ಎಂಬ ಕಟ್ಟಿಗೆಯ ಅಂಶ ಗಾಳಿ ಬೆಳಕಿಗೆ ಹಳದಿಯಾಗಿ, ಆಮ್ಲ ಏರಿ, ಮುಟ್ಟಿದರೆ ಪುಡಿಯಾಗುತ್ತದೆ. ನೀವು ಎಷ್ಟು ಜೋಪಾನ ಮಾಡಿದರೂ ಅದಕ್ಕೆ ಆಯುಷ್ಯ ಕಡಿಮೆ. ಮೇಲಾಗಿ ಅದೇ ಸಂಚಿಕೆ ಬೇರೆ ಕಡೆ ಇದ್ದೇ ಇರುತ್ತದೆ. 'ಕಸ್ತೂರಿ'ಯಂಥ ಮಾಸಪತ್ರಿಕೆ 1956ರಿಂದ ಹುಬ್ಬಳ್ಳಿಯಿಂದಲೇ ಹೊರಡುತ್ತಿರುವುದು. ಅದರ ಬೈಂಡ್ ಮಾಡಿದ ಸಂಪುಟಗಳು ಈ ಭಾಗದ ಹಳೆಯ ಗ್ರಂಥಾಲಯಗಳಲ್ಲಿ ಸಿಗುತ್ತವೆ. ಹತ್ತಿರದ ಗ್ರಂಥಾಲಯಕ್ಕೆ ಒಂದು ಪಟ್ಟಿ ಕಳಿಸಿ, ಅವರಲ್ಲಿ ಇಲ್ಲದ ಸಂಚಿಕೆ ಇದ್ದರೆ ಕೊಟ್ಟುಬಿಡಿ, ಉಳಿದದ್ದು ರದ್ದಿಗೆ.

ಚರ್ಚಾ ವಹಿ ಹಾಗಲ್ಲ. ಅದು ಜಗತ್ತಿನಲ್ಲಿ ಒಂದೇ ಪ್ರತಿ. ನಿಮ್ಮ ಕಪಾಟಿನಿಂದ ಹೋದರೆ ಎಲ್ಲಿಯೂ ಇಲ್ಲ. ಗ್ರಂಥಾಲಯದಲ್ಲಿ ಪುಸ್ತಕ ತೆಗೆಯುವಾಗ ಎಷ್ಟು ವರ್ಷದಿಂದ ಯಾರೂ ಒಯ್ದಿಲ್ಲ ಎಂದು ನೋಡುತ್ತೇವೆ. ಪುಸ್ತಕಗಳಿರುವುದು ಬಳಕೆಗೆ ಎಂದು ಗ್ರಂಥಾಲಯ ಶಾಸ್ತ್ರದ ರಂಗನಾಥನ್ ಅವರು 1931ರಲ್ಲೇ ಮೊದಲ ಸೂತ್ರವಾಗಿ ಬರೆದರು. ಆ ಅಳತೆಯನ್ನು ಕೈಬರಹಕ್ಕೆ ಹಚ್ಚಬೇಡಿ. ಕೈಬರಹ ನಲವತ್ತು ವರ್ಷ ಯಾರ ಕಣ್ಣಿಗೂ ಬೀಳದೆ ಇದ್ದು, ಆಮೇಲೆ ಒಬ್ಬರಿಗೆ ಬೇಕಾಗುತ್ತದೆ.

ರಾಣೆಬೆನ್ನೂರು ರೈಡರ್
ಇದಕ್ಯಾಕ ಇಷ್ಟ ವಿಚಾರ? ಎಲ್ಲಾ ಮೊಬೈಲ್‌ನ್ಯಾಗ ಫೋಟೋ ಹೊಡೀರಿ, ಪಿಡಿಎಫ್ ಮಾಡ್ರಿ, ಕಾಗದ ಮಾರ್ರಿ. ಮುಗೀತು.

ಕೀರ್ದಿ ಖತಾವಣಿ
ರೈಡರ್ ತಮ್ಮಾ, ಹೊಡಿಯೋರು ಯಾರು? ವಹಿಗಟ್ಟಲೆ ಹಾಳಿ. ಸುಮ್ಮ ಹೇಳೂದು ಸಲೀಸು.

ಇನ್ನ ಲೆಕ್ಕದ ಪುಸ್ತಕದ ಬಗ್ಗೆ. ನಾನು ಲೆಕ್ಕ ತಪಾಸಣಿ ಕೆಲಸದವ. ವಾಚನಾಲಯ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯೊಳಗ ನೋಂದಣಿ ಆಗಿದ್ರ, ನೋಂದಣಿ ಪತ್ರ, ಬೈಲಾ, ಜಾಗದ ಕಾಗದ, ಠರಾವು ಪುಸ್ತಕ ಎಂದೂ ಒಗಿಯಾಕ ಬರೂದಿಲ್ಲ ಅಂತ ತಿಳೀರಿ. ಆದಾಯ ತೆರಿಗೆ ವಿನಾಯಿತಿ ತಗೊಂಡ ಸಂಸ್ಥಾ ಇದ್ರ, ತೆರಿಗೆ ನಿಯಮದ ಪ್ರಕಾರ ಲೆಕ್ಕ ಪತ್ರ ಹತ್ತು ವರ್ಷ ಇಡಬೇಕು. ಅದಕ್ಕಿಂತ ಹಳೇ ಕೀರ್ದಿ, ಪಾವತಿ ಪುಸ್ತಕ, ಲೈಟ್ ಬಿಲ್ಲು ಕಾಯ್ದೆ ಪ್ರಕಾರ ತಗದ್ರ ನಡೀತೈತಿ.

ಬೆಟಗೇರಿ ಮಗ್ಗ
ಹಂಗಾದ್ರ ಪೇಪರ್ ಕಟ್ಟು ಮತ್ತ ಹಳೇ ಕೀರ್ದಿ ಬಾಗಲದ ಹೊರಗ ಜೋಡಿಸಿ ಇಡತೇನಿ. ರದ್ದಿಯವಗ ಈ ವಾರ ಬರಾಕ ಹೇಳೇನಿ.

ಹುಬ್ಬಳ್ಳಿ ಗಿರ್ಮಿಟ್
ರದ್ದಿಯವಗ ತೂಕದ ಕಾಟಾ ನೀವ ಒಯ್ದು ಇಡ್ರಿ. ಅವರ ತಕ್ಕಡಿ ನಂಬಬ್ಯಾಡ್ರಿ 😄

ಹೆಸರು ಬ್ಯಾಡ
ನಾನು ಈ ಓಣಿಯಾಗ ಹುಟ್ಟಿ ಬೆಳೆದಾಕಿ, ಈಗ ಹಾವೇರಿಯಾಗ ಇದ್ದೇನಿ. ಹೆಸರು ಹೇಳೂದಿಲ್ಲ, ಮಗ್ಗ ಅಣ್ಣಾರಿಗೆ ಓದಿದ ಮ್ಯಾಲ ಗೊತ್ತಾಗತೈತಿ. ಕಟ್ಟಡ ನಿಧಿ ತಿಂದರು ಅಂತ ಬರೆದದ್ದು ನಮ್ಮ ಅಪ್ಪನ ಮ್ಯಾಲ. ನಾ ಆಗ ಸಾಲಿಗೆ ಹೋಗತಿದ್ದೆ. ಹುಡುಗ್ರು ವಹಿ ಓದಿ ಬಂದು ಸಾಲಿಯಾಗ ನನಗ ಅಂದು ಅಳಸತಿದ್ರು. ಅಪ್ಪ ಅವತ್ತಿಂದ ವಾಚನಾಲಯದ ಮೆಟ್ಟಲ ಹತ್ತಲಿಲ್ಲ. ಪೇಪರ್ ಓದಾಕ ಸ್ಟೇಶನ್ನಿಗೆ ಹೋಗತಿದ್ರು. ಈಗ ಇಲ್ಲ. ಅವ್ವ ಅದಾಳ.

ಇತಿಹಾಸ ಅಂತ ಆ ಹಾಳಿ ಇಡಬ್ಯಾಡ್ರಿ. ಹರಿದು ನನ್ನ ಕೈಯಾಗ ಕೊಡ್ರಿ, ನಾ ಸುಡತೇನಿ.

ನರಗುಂದ ಬಂಡಾಯ
ತಂಗೀ, ನಿನ್ನ ಸಂಕಟ ತಿಳೀತು. ಆದ್ರೂ ಹರಿಯೂದು ಬ್ಯಾಡ ಅಂತ ನನ್ನ ಮಾತು. ಯಾಕ ಅಂತ ಹೇಳತೇನಿ, ಸಿಟ್ಟಿಗೇಳಬ್ಯಾಡ.

1980ರ ಜುಲೈ 21ಕ್ಕ ನಮ್ಮೂರಾಗ ಗೋಲಿಬಾರ್ ಆತು. ರೈತರೂ ಸತ್ತರು, ಪೊಲೀಸರೂ ಸತ್ತರು. ಅದು ಎಲ್ಲಾ ಕಡೆ ಬರೆದಿಟ್ಟಾರ. ವರ್ಷಾ ಆ ದಿನ ಹುತಾತ್ಮರ ದಿನ ಅಂತ ಸೇರತೇವಿ, ವೀರಗಲ್ಲಿಗೆ ಹಾರ ಹಾಕತೇವಿ. ಆದ್ರ ಅದಕ್ಕಿಂತ ಮೊದಲ ಹೊಲದಾಗ, ಕಟ್ಟಿ ಮ್ಯಾಲ, ಚಾದಂಗಡಿಯಾಗ ಏನ ವಾದ ಆತು? ಮಲಪ್ರಭಾ ಕಾಲುವಿ ನೀರು ಪೂರಾ ಬರೂಕಿಂತ ಮೊದಲ ಅಭಿವೃದ್ಧಿ ಕರ ಕೇಳಿದ್ರು. 'ತುಂಬಿಬಿಡೂಣ, ಸರಕಾರದ ಜೋಡಿ ಎದಕ್ಕ ಜಗಳ' ಅಂದವರೂ ನಮ್ಮವರ ಇದ್ರು. ಕರಿಮಣ್ಣಿಗೆ ನೀರು ಬಿಟ್ರ ನೀರು ನಿಂತು ಜವಳ ಹಿಡೀತೈತಿ, ನಮಗ ಕಾಲುವಿನ ಬ್ಯಾಡ ಅಂದವರೂ ಇದ್ರು. ಆ ಜಗಳ ಎಲ್ಲೂ ಬರೆದಿಟ್ಟಿಲ್ಲ. ಆವಾಗಿನವರು ಒಬ್ಬೊಬ್ಬರ ಹೋಗಾಕ ಹತ್ಯಾರ. ಇವತ್ತಿನ ಹುಡುಗರು ಕೇಳಿದ್ರ, ರೈತರೆಲ್ಲಾ ಮೊದಲನ ದಿನದಿಂದ ಒಂದ ಮಾತಿನ್ಯಾಗ ಇದ್ದರು ಅಂತ ತಿಳಕೊಂಡಾರ. ಹಂಗ ಇರಲಿಲ್ಲ. ಒಂದಾಗಾಕ ಎಷ್ಟು ಕಷ್ಟ ಪಟ್ಟರು ಅನ್ನೂದು ಗೊತ್ತಾದ್ರ ಮುಂದಿನ ಹೋರಾಟದವರಿಗೆ ಉಪಯೋಗ ಆಗತೈತಿ. 2015ರಾಗ ಮಹದಾಯಿ ನದಿ ನೀರಿಗೆ ಧರಣಿ ಕುಂತಾಗ ನಾವು ಅದನ್ನ ಹುಡುಕಿದ್ವಿ, ಸಿಗಲಿಲ್ಲ.

ಬೆಟಗೇರಿ ವಹಿಯಾಗ 1980ರ ಆಸುಪಾಸು ಏನರ ಐತೇನ್ರಿ ಮಗ್ಗ ಅಣ್ಣಾರ? ಇದ್ರ ನಾ ಬಸ್ ಹತ್ತಿ ಬರತೇನಿ.

ಬೆಟಗೇರಿ ಮಗ್ಗ
ಐತ್ರಿ. ಗೋಲಿಬಾರಿನ ಮುಂಚಿನ ಬ್ಯಾಸಿಗಿಂದನ ಸುರು ಆಗೈತಿ. ನೇಕಾರರು ರೈತರ ಪರ ನಿಲ್ಲಬೇಕೋ ಬ್ಯಾಡೋ ಅಂತ ದೊಡ್ಡ ವಾದ. 'ರೈತಗ ಬೆಳಿ ಬಂದ್ರ ನಮ್ಮ ಸೀರಿ ಹೋಗತಾವ' ಅಂತ ಒಬ್ಬರು ಬರದಾರ, ಅದಕ್ಕ ಉತ್ತರ ಮೂರು ಹಾಳಿ. ಬರ್ರಿ ಕಾಕಾ.

ನರಗುಂದ ಬಂಡಾಯ
ಅದನ್ನ ಕೊಟ್ಟಿರಂದ್ರ ನೋಡ್ರಿ ರದ್ದಿಗೆ! ಬರತೇನಿ.

ಮಾಳಮಡ್ಡಿ ವಕೀಲ
ಇಲ್ಲಿ ಎರಡು ವಿಷಯ ಕೂಡಿಕೊಂಡಿವೆ. ಇಟ್ಟುಕೊಳ್ಳುವುದು ಬೇರೆ, ಎಲ್ಲರಿಗೂ ತೋರಿಸುವುದು ಬೇರೆ. ಹರಿಯದೆಯೂ ಮುಚ್ಚಿಡಬಹುದು. ಆ ಹಾಳಿಗಳನ್ನು ಲಕೋಟೆಯಲ್ಲಿ ಹಾಕಿ, ಇಂಥ ವರ್ಷದವರೆಗೆ ತೆರೆಯಬಾರದು ಎಂದು ಬರೆದು, ಸಮಿತಿಯ ಸಹಿ ಮಾಡಿ ಬೀಗದಲ್ಲಿಡಿ. ದೊಡ್ಡ ದೊಡ್ಡ ಪತ್ರಾಗಾರಗಳಲ್ಲೂ ಹೀಗೆಯೇ ಮಾಡುತ್ತಾರೆ.

ಫೋಟೋ ಹೊಡೆದು ಅಂತರ್ಜಾಲಕ್ಕೆ ಹಾಕುವ ಮಾತು ಬಂದರೆ ಎಚ್ಚರ ಇರಲಿ. ತೀರಿಹೋದವರ ಬಗ್ಗೆ ಪ್ರಕಟಿಸಿದ್ದೂ, ಅವರ ಮನೆಯವರ ಮನಸ್ಸು ನೋಯಿಸುವ ಉದ್ದೇಶ ಇದ್ದರೆ ಮಾನಹಾನಿ ಆಗಬಹುದು. ಹಳೆಯ ದಂಡ ಸಂಹಿತೆಯ 499ನೇ ಕಲಮಿನಲ್ಲಿ ಇದ್ದ ಈ ವಿವರಣೆ ಈಗ ಭಾರತೀಯ ನ್ಯಾಯ ಸಂಹಿತೆಯ 356ರಲ್ಲೂ ಇದೆ. ಬದುಕಿರುವವರ ಖಾಸಗಿ ಮಾಹಿತಿಯಾದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ ಇದೆ. ಕಾಗದದಲ್ಲಿದ್ದದ್ದನ್ನು ಆಮೇಲೆ ಡಿಜಿಟಲ್ ಮಾಡಿದರೂ ಅದು ಅನ್ವಯಿಸುವಂತೆ ಬರೆದಿದ್ದಾರೆ. 'ಪಿಡಿಎಫ್ ಮಾಡ್ರಿ ಮುಗೀತು' ಎನ್ನುವಷ್ಟು ಸರಳ ಅಲ್ಲ ರೈಡರ್ ಅವರೇ.

ಹೆಸರು ಬ್ಯಾಡ
ಬೀಗದಾಗ ಇಟ್ರ ಏನಾತ್ರಿ ಸರ್? ಬೀಗ ತಗಿಯೋರು ಒಂದ ದಿನ ತಗೀತಾರ. ಆವಾಗ ನಾನೂ ಇರೂದಿಲ್ಲ, ಅಪ್ಪನ ಪರ ಮಾತಾಡೋರು ಯಾರು?

ಕೀರ್ದಿ ಖತಾವಣಿ
ಅಕ್ಕಾರ, ಒಂದು ಮಾತು ಕೇಳತೇನಿ. ರೊಕ್ಕ ತಿಂದರು ಅಂತ ಬರದಾರಲ್ಲ, ಯಾವ ವರ್ಷದ್ದು? ಆ ವರ್ಷದ್ದು ಮತ್ತ ಮುಂದಿನ ಎರಡು ಮೂರು ವರ್ಷದ ಕೀರ್ದಿ ತಗದು ನೋಡಬೇಕು. ಕಟ್ಟಡ ನಿಧಿಯ ಖಾತೆಯಾಗ ಅವರ ಹೆಸರಿಲೆ ಏನು ನಾವೆ (ಕೊಟ್ಟದ್ದು), ಏನು ಜಮಾ (ಬಂದದ್ದು) ಅಂತ ಇರತೈತಿ. ವಹಿಯಾಗ ಬರದದ್ದು ಬಾಯಿಮಾತು. ಕೀರ್ದಿ ದಿನದ ಲೆಕ್ಕ.

ಮಗ್ಗ ಅಣ್ಣಾರ, ರದ್ದಿಯವ ಬಂದು ಹೋದನೇನು?

ಬೆಟಗೇರಿ ಮಗ್ಗ
ಇನ್ನೂ ಬಂದಿಲ್ಲ. ಹೊರಗಿನ ಗಂಟು ಒಳಗ ಎಳಕೋತೇನಿ ಈಗ.

ಲಕ್ಷ್ಮೇಶ್ವರ ದಾರಿ
ಜಾತಿ ಹಿಡಿದು ಬೈದದ್ದನ್ನ ಏನ ಮಾಡತೀರಿ ಅಂತ ಯಾರೂ ಕೇಳಲಿಲ್ಲ. ನಾ ಕೇಳತೇನಿ. ಅಸ್ಪೃಶ್ಯತಾ ಸಂವಿಧಾನದ 17ನೇ ವಿಧಿಯೊಳಗ ಹೋತು, 1955ರಾಗ ಅದಕ್ಕ ಕಾಯ್ದೆನೂ ಬಂತು. ಅದಾದ ಮ್ಯಾಲ ಬರದ ವಹಿ ಇವು. ನಮ್ಮ ಅಜ್ಜನಂಥವರು ಒಳಗ ಕುಂತು ಪೇಪರ್ ಓದಬಾರದು ಅಂತ ಯಾರರ ಬರದಿದ್ರ, ಸಹಿ ಸಮೇತ ಬರದಿದ್ರ, ಅದನ್ನ ಹರೀಬ್ಯಾಡ್ರಿ. 'ಕೆಟ್ಟ ಮಾತು, ಈಗ್ಯಾಕ' ಅಂತ ಸ್ವಚ್ಛ ಮಾಡಿದ್ರ ಉಳಿಯೂದು ಏನು? ಎಲ್ಲಾರೂ ಮೊದಲಿಂದ ಛಲೋ ಇದ್ರು ಅನ್ನೂ ಕತಿ. ನಮ್ಮವರು ಅನುಭವಿಸಿದ್ದಕ್ಕ ಸಾಕ್ಷಿನ ಇಲ್ಲದಂಗಾಗತೈತಿ.

ಬೆಟಗೇರಿ ಮಗ್ಗ
ಐತಿ ಅಣ್ಣಾ. ಹೇಳಾಕ ನಾಚಿಕಿ ಆಗತೈತಿ, ಆದ್ರ ಐತಿ. ಅದಕ್ಕ ಒಬ್ಬ ಹುಡುಗ ಬರದ ಉತ್ತರನೂ ಐತಿ, ಭಾಳ ಖಡಕ್. ಎರಡೂ ಇಡತೇವಿ.

ಗೌರಿ ಹುಣ್ಣಿಮಿ
ಲಕ್ಷ್ಮೇಶ್ವರ ದಾರಿ ಅಣ್ಣಾರ ಮಾತು ಖರೇ. ಆದ್ರ ಓಡಿ ಹೋದ ಹುಡುಗಿಯರ ಸುದ್ದಿ ಬಗ್ಗೆ ನನ್ನ ವಿಚಾರ ಬ್ಯಾರೆ ಐತಿ. ಆವಾಗ ವಾಚನಾಲಯಕ್ಕ ಹೆಣ್ಣುಮಕ್ಕಳು ಹೋಗತಿದ್ರೇನು? ಇಲ್ಲ. ಆ ವಹಿಯಾಗ ಗಂಡಸರು ವಾದ ಮಾಡಿದ್ರ, ಒಬ್ಬರಿಗೊಬ್ಬರು ಉತ್ತರ ಕೊಡತಿದ್ರು. ಆ ಹುಡುಗಿಗೆ ಪೆನ್ಸಿಲ್ ಮುಟ್ಟಾಕೂ ಆಗಲಿಲ್ಲ. ಆಕಿ ಈಗ ಯಾವುದೋ ಊರಾಗ ಮೊಮ್ಮಕ್ಕಳ ಜೋಡಿ ಇರತಾಳ. ಆಕಿಗೆ ಗೊತ್ತಿಲ್ಲದಂಗ ಆಕಿ ಬಗ್ಗೆ ಬರದದ್ದನ್ನ ಇಡೂದರಾಗ ಊರಿಗೆ ಏನ ಲಾಭ?

ಬರದವರು ತಮ್ಮ ವಿಚಾರ ಬರದದ್ದು ಇಡ್ರಿ. ಬರೀಲಾರದವರ ಸಂಸಾರದ ಬಗ್ಗೆ ಬರದದ್ದು ತಗೀರಿ. ಮುಚ್ಚಿ ಇಡೂದೂ ಬ್ಯಾಡ, ತಗೀರಿ.

ಮಾಳಮಡ್ಡಿ ವಕೀಲ
ಆದರೆ ಅಕ್ಕಾ, ನಾಳೆ ಒಬ್ಬರು ಆಗಿನ ಹೆಣ್ಣುಮಕ್ಕಳ ಬದುಕು ಹೇಗಿತ್ತು ಎಂದು ಅಧ್ಯಯನ ಮಾಡಲು ಬಂದರೆ? ಅವರಿಗೆ ಈ ಚಾಡಿಯೇ ಸಾಮಗ್ರಿ.

ಗೌರಿ ಹುಣ್ಣಿಮಿ
ಅಧ್ಯಯನ ಮಾಡೋರು ಆಕಿನ್ನ ಕೇಳಿ ಮಾಡ್ಲಿ. ಆಕಿ ಬದುಕಿದಾಳ. ಗಂಡಸರು ಬರದ ಚಾಡಿಯಿಂದ ಹೆಣ್ಣುಮಕ್ಕಳ ಬಾಳ್ವೆ ತಿಳಿಯೂದಿಲ್ಲ ಸರ್.

ಸಪ್ತಾಪುರದ ಅಕ್ಕ
ಗೌರಿ, ನಿನ್ನ ಮಾತು ನನಗೆ ನಾಟಿತು. ವೃತ್ತಿಯಲ್ಲಿ ನಮಗೆ ಕಲಿಸಿದ್ದು 'ಯಾವುದನ್ನೂ ನಾಶ ಮಾಡಬೇಡಿ' ಎಂದು. ಆದರೂ ಇಂಥ ಕಡೆ ಹೆಸರಿನ ಮೇಲೆ ಒಂದು ಪಟ್ಟಿ ಅಂಟಿಸಿ ವಾದವನ್ನಷ್ಟೇ ಉಳಿಸಬಹುದು. ಅಂಟಿಸುವಾಗ ಗೋಧಿ ಹಿಟ್ಟಿನ ತೆಳು ಅಂಬಲಿ ಬಳಸಿ. ಸೆಲೋಟೇಪ್ ಮಾತ್ರ ಬೇಡವೇ ಬೇಡ. ಅದರ ಅಂಟು ಹಳದಿಯಾಗಿ ಕಾಗದದೊಳಗೆ ಇಳಿಯುತ್ತದೆ, ಆಮೇಲೆ ಯಾರಿಂದಲೂ ತೆಗೆಯಲಾಗದು. ಹಾಳೆಗೆ ಚುಚ್ಚಿದ ಕಬ್ಬಿಣದ ಟಾಚಣಿ ಇದ್ದರೆ ಮೊದಲು ಬಿಡಿಸಿ, ತುಕ್ಕು ಕಾಗದವನ್ನು ತಿನ್ನುತ್ತದೆ.

ಕುಂದಗೋಳ ಹತ್ತಿ
ನಮ್ಮ ದೊಡ್ಡಪ್ಪನ ಮನ್ಯಾಗ ಆದ ಕತಿ. ಕುಂದಗೋಳ ಮೊದಲ ಜಮಖಂಡಿ ಸಂಸ್ಥಾನದಾಗ ಇತ್ತಲ್ರಿ, ಹಳೇ ಕಾಗದ ಎಲ್ಲಾ ಮರಾಠಿ ಬರಿಯೂ ಹಳೇ ಮೋಡಿ ಲಿಪಿಯಾಗ. ಓದಾಕ ಬರೋರು ಮನ್ಯಾಗ ಯಾರೂ ಉಳಿದಿರಲಿಲ್ಲ. ಮನಿ ಸುಣ್ಣ ಬಣ್ಣ ಮಾಡೂ ಮುಂದ ಇಡೀ ಗಂಟು ಹಂಡೆ ಒಲಿಗೆ ಹಾಕಿದ್ರು. ಮುಂದ ಹೊಲದ ಹದ್ದಿನ ತಕರಾರು ಬಂದಾಗ ಉತಾರದಾಗ (ಸರಕಾರಿ ಹೊಲದ ದಾಖಲೆ) ಇರೂದಕ್ಕೂ ಹೊಲದಾಗ ಇರೂದಕ್ಕೂ ಹೊಂದಲಿಲ್ಲ. ಹಳೇ ಕಾಗದ ಇದ್ರ ಗೊತ್ತಾಗತಿತ್ತು. ಓದಾಕ ಬರೂದಿಲ್ಲ ಅಂತ ಒಗಿಯೂದು ಮಾತ್ರ ಮಾಡಬ್ಯಾಡ್ರಿ.

ಶಿರಹಟ್ಟಿ ಸಂತಿ
ನಮ್ದೂ ಹಂಗ, ಶಿರಹಟ್ಟಿ ಸಾಂಗ್ಲಿ ಸಂಸ್ಥಾನದಾಗ ಇತ್ತು. ಅಜ್ಜ ಬರದ ಮೋಡಿ ಪತ್ರ ಮನ್ಯಾಗ ಅದಾವ. ಓದೋರು ಯಾರರ ಗೊತ್ತೇನು?

ಕುಂದಗೋಳ ಹತ್ತಿ
ಧಾರವಾಡದಾಗ ಕನ್ನಡ ಸಂಶೋಧನ ಸಂಸ್ಥೆಯಾಗ ವಿಚಾರಿಸ್ರಿ. 1939ರಿಂದ ಇರೂ ಸಂಸ್ಥಾ, ಯಾರರ ದಾರಿ ತೋರಸತಾರ.

ರಾಣೆಬೆನ್ನೂರು ರೈಡರ್
ಮೋಡಿ ಇರಲಿ, ನಮ್ಮ ಮಾಮಾ 2001ರಾಗ ನುಡಿ ಅನ್ನೂ ಕನ್ನಡ ತಂತ್ರಾಂಶದೊಳಗ ಟೈಪ್ ಮಾಡಿದ ಫೈಲ್ ಈಗ ತಗದ್ರ ಬರೇ ಇಂಗ್ಲಿಷ್ ಅಕ್ಷರ ಚೆಲ್ಲಾಡಿದಂಗ ಕಾಣತೈತಿ. ಆ ಫಾಂಟ್ ಹಾಕಬೇಕು, ಇಲ್ಲಂದ್ರ ಯುನಿಕೋಡ್‌ಗೆ ಬದಲಿ ಮಾಡೂ ತಂತ್ರಾಂಶ ಬೇಕು. ಫ್ಲಾಪಿಯಂತೂ ಹಾಕಾಕ ಜಾಗನ ಇಲ್ಲ.

ಕೀರ್ದಿ ಖತಾವಣಿ
ನೋಡು ತಮ್ಮಾ, ಇಪ್ಪತ್ತೈದು ವರ್ಷದ ಫೈಲ್ ಓದಾಕ ಬರವಲ್ದು, ಅರವತ್ತು ವರ್ಷದ ಪೆನ್ಸಿಲ್ ಬರಹ ಓದಾಕ ಬರತೈತಿ. ಈಗ ಹೇಳು, ಕಾಗದ ಮಾರೂದೇನು?

ರಾಣೆಬೆನ್ನೂರು ರೈಡರ್
ಕಾಗದ ಇಡ್ರಿ ಹಂಗಾದ್ರ. ಆದ್ರ ಫೋಟೋನೂ ಬೇಕು. ಕಪಾಟಿಗೆ ಗೆದ್ದಲು ಬಿದ್ರ? ನಾನೂ ನನ್ನ ಇಬ್ಬರು ದೋಸ್ತರೂ ಬರತೇವಿ, ಆರಿಸಿದ ವಹಿ ಅಷ್ಟ ಹೊಡಿಯೂಣು. ಮುನ್ನೂರು ಡಿಪಿಐ (ಇಂಚಿಗೆ ಮುನ್ನೂರು ಚುಕ್ಕಿ) ಬರೂವಂಗ ಸ್ಟ್ಯಾಂಡ್ ಹಚ್ಚಿ, ಮ್ಯಾಲಿಂದ ನೇರ. ಒಂದು ಪ್ರತಿ ವಾಚನಾಲಯದ ಹಾರ್ಡ್ ಡಿಸ್ಕಿನ್ಯಾಗ, ಒಂದು ಬ್ಯಾರೆ ಊರಾಗ.

ಸಪ್ತಾಪುರದ ಅಕ್ಕ
ಒಳ್ಳೆಯದಾಯಿತು ತಮ್ಮಾ. ಬೈಂಡಿಂಗ್ ಬಿಗಿ ಇದ್ದರೆ ಒತ್ತಿ ಅಗಲ ಮಾಡಬೇಡ, ಬೆನ್ನು ಮುರಿಯುತ್ತದೆ. ಎರಡೂ ಬದಿಗೆ ಬಟ್ಟೆಯ ಸುರುಳಿ ಆಸರೆ ಕೊಟ್ಟು, ಅರ್ಧ ತೆರೆದೇ ಫೋಟೋ ತೆಗೆ.

ಕಣಗಿನಹಾಳ ಹಾದಿ
ಗದಗಿನ ಮಂದಿಗೆ ಇದು ನೆನಪಿರಲಿ. ನಮ್ಮ ಕಣಗಿನಹಾಳದಾಗ 1905ರಾಗ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದ್ರು. ದೇಶದ ಮೊದಲನೇ ಕೃಷಿ ಸಹಕಾರಿ ಸಂಘ ಅಂತ ಎಲ್ಲಾರೂ ಹೇಳತಾರ. ಅದು ಹೇಳಾಕ ಬರೂದು ಕಾಗದ ಉಳಿದದ್ದಕ್ಕ. ಅವತ್ತಿನ ಲೆಕ್ಕದ ಪುಸ್ತಕಾನ ಯಾರರ 'ಹಳೇದು' ಅಂತ ಒಗದಿದ್ರ ನಮ್ಮ ಮಾತು ಯಾರು ಕೇಳತಿದ್ರು?

ಹುಬ್ಬಳ್ಳಿ ಗಿರ್ಮಿಟ್
ಕಾಕಾ, ಹಂಗಂತ ಎಲ್ಲಾ ಪಾವತಿ, ಎಲ್ಲಾ ಲೈಟ್ ಬಿಲ್ಲು ಇಡಾಕ ಬರೂದಿಲ್ಲ. ಮಗ್ಗ ಅಣ್ಣಾರಿಗೆ ಇರೂದು ಒಂದ ಖೋಲಿ.

ಬೆಟಗೇರಿ ಮಗ್ಗ
ಎರಡು ದಿನ ಕುಂತು ಕೀರ್ದಿ ಹುಡುಕಿದ್ವಿ. ಖತಾವಣಿ ಅಣ್ಣಾರು ತಾವ ಬಂದಿದ್ರು. 'ಹೆಸರು ಬ್ಯಾಡ' ಅಕ್ಕಾರ, ಇದು ನಿಮಗ.

ನಿಮ್ಮ ಅಪ್ಪನ ಹೆಸರಿಲೆ ಕಟ್ಟಡ ನಿಧಿಯಿಂದ ರೊಕ್ಕ ಹೋಗಿದ್ದು ಖರೇ. ಮುಂಗಡ ಅಂತ ಬರದಾರ, ಇಟ್ಟಂಗಿ ಮತ್ತ ಕಡಿ ತರಾಕ. ವಹಿಯಾಗ ಬೈದ ತಾರೀಖಿನ ಮುಂದಿನ ತಿಂಗಳ ಇಟ್ಟಂಗಿ ಪಾವತಿ ಹಚ್ಚ್ಯಾರ. ಉಳಿದ ರೊಕ್ಕ ಕಂತಿನ ಮ್ಯಾಲ ತುಂಬ್ಯಾರ, ಪ್ರತಿ ಸಲ ಜಮಾ ಐತಿ, ಕಾರ್ಯದರ್ಶಿ ಸಹಿ ಐತಿ. ಕಡೀ ಕಂತಿನ ವರ್ಷದ ಕೀರ್ದಿ ಮಾತ್ರ ಸಿಗಲಿಲ್ಲ. ಆ ಕಪಾಟು ಮಳಿ ನೀರಾಗ ನೆಂದು, ಶಾಯಿ ಎಲ್ಲಾ ಕಲಸಿ ಹೋಗೈತಿ. ಅದಕ್ಕ ಪೂರಾ ತೀರಿತು ಅಂತ ಕಾಗದದಾಗ ತೋರಸಾಕ ಬರವಲ್ದು. ಆದ್ರ ತಿಂದವರು ಹಿಂಗ ಕಂತು ತುಂಬೂದಿಲ್ಲ.

ಹೆಸರು ಬ್ಯಾಡ
ಇಟ್ಟಂಗಿ ಅಂತ ಅಪ್ಪ ಹೇಳತಿದ್ರು ಅಣ್ಣಾರ. ಅವ್ವನೂ ಹೇಳತಿದ್ಲು. ಯಾರೂ ಕೇಳಲಿಲ್ಲ.

ಫೋನಿನ್ಯಾಗ ಓದಿ ಹೇಳಿದೆ ಅವ್ವಗ. ಆ ಕೀರ್ದಿ ಹಾಳಿನ ಝೆರಾಕ್ಸ್ ನನಗ ಬೇಕು. ಮತ್ತ ಚರ್ಚಾ ವಹಿ ಹರಿಯೂದು ಬ್ಯಾಡ. ಬೈದ ಹಾಳಿನ ಎದುರಿಗೆ ಕೀರ್ದಿ ಹಾಳಿನ ಪ್ರತಿ ಹಚ್ಚಿ ಇಡ್ರಿ. ಯಾರರ ಬೈಗಳ ಓದಿದ್ರ ಅದನ್ನೂ ಓದಬೇಕು. ಅದರ ಕೆಳಗ ನಾನೂ ಬರೀತೇನಿ, ಹೆಸರು ಹಾಕಿ.

ನರಗುಂದ ಬಂಡಾಯ
ಬರಿ ತಂಗೀ. ಅದಕ್ಕ ಅಂತನ ಆ ವಹಿ ಇರೂದು.

ಗೌರಿ ಹುಣ್ಣಿಮಿ
ಇದು ಛಲೋ ಆತು. ಆದ್ರ ನನ್ನ ಮಾತು ಬಿಟ್ಟಿಲ್ಲ. ಈ ಅಕ್ಕ ಬಂದು ಕೇಳಿದ್ದಕ್ಕ ಗೊತ್ತಾತು. ಆ ಹುಡುಗಿಯರಿಗೆ ಯಾರು ಹೇಳೋರು?

ಬೆಟಗೇರಿ ಮಗ್ಗ
ಅವರ ವಿಷಯಕ್ಕ ನಿಮ್ಮ ಮಾತ ನಡಸತೇವಿ ಗೌರಿ ಅಕ್ಕಾರ. ಓಣಿಯ ಇಬ್ಬರು ಹಿರೇ ಹೆಣ್ಣುಮಕ್ಕಳನ್ನ ಕರದು ಆ ಹಾಳಿ ಅವರ ಕೈಯಾಗ ಕೊಡತೇವಿ. ಸಂಬಂಧಪಟ್ಟವರ ಪತ್ತೆ ಇದ್ರ ಕೇಳಿಸಿ, ಬ್ಯಾಡಂದ್ರ ತಗಿಯೂದು. ಪತ್ತೆ ಇಲ್ಲದಿದ್ರ ಹೆಸರಿನ ಮ್ಯಾಲ ಪಟ್ಟಿ. ಗಂಡಸರ ಸಮಿತಿ ಅದರಾಗ ಕೈ ಹಾಕೂದಿಲ್ಲ. ವಕೀಲ ಸಾಹೇಬರು ಒಪ್ಪೂದಿಲ್ಲ ಅಂತ ಗೊತ್ತೈತಿ.

ಮಾಳಮಡ್ಡಿ ವಕೀಲ
ಒಪ್ಪುವುದಿಲ್ಲ. ತೆಗೆದದ್ದು ಮರಳಿ ಬರುವುದಿಲ್ಲ. ಆದರೆ ಏನನ್ನು ತೆಗೆದಿರಿ, ಯಾವ ದಿನ, ಯಾರ ಒಪ್ಪಿಗೆಯಿಂದ ಎಂದು ಠರಾವು ಪುಸ್ತಕದಲ್ಲಿ ಬರೆಯಿರಿ. ಅಷ್ಟಾದರೂ ಮಾಡಿ.

ಬೆಟಗೇರಿ ಮಗ್ಗ
ಬರೀತೇವಿ ಸರ್.

ಸಮಿತಿಯಾಗ ನಿನ್ನೆ ರಾತ್ರಿ ಆದದ್ದು ಹೇಳತೇನಿ. ಪೇಪರ್ ಕಟ್ಟು ಹೋಗತಾವ. ಮಾಸಪತ್ರಿಕೆ ಪಟ್ಟಿ ಮಾಡಿ ಬ್ಯಾರೆ ಗ್ರಂಥಾಲಯಕ್ಕ ಕೇಳಿ ಕೊಡೂದು. ಲೈಟ್ ಬಿಲ್ಲು, ಪಾವತಿ ಪುಸ್ತಕದ ಅರ್ಧಪ್ರತಿ ರದ್ದಿಗೆ. ಕೀರ್ದಿ ಎಲ್ಲಾ ಇಡೂದು, ಈಗ ಯಾರಿಗೂ ಒಗಿಯೂ ಮನಸಿಲ್ಲ. ಚರ್ಚಾ ವಹಿಯಾಗ ಊರಿನ ವಿಷಯ ಇರೂ ಯಾವ ಹಾಳಿನೂ ಹೋಗೂದಿಲ್ಲ, ಬೈಗಳ ಇದ್ರೂನೂ. ಬೀಗ ಹಾಕಿದ ಕಪಾಟಿನ ಕೀಲಿ ಎರಡು, ಇಬ್ಬರ ಹತ್ರ. ಎಲ್ಲಾ ರದ್ದಿಗೆ ಅನ್ನತಿದ್ದ ಇಬ್ಬರೊಳಗ ಒಬ್ಬರು ಈಗ್ಲೂ ಒಪ್ಪಿಲ್ಲ, ಜಾಗ ಎಲ್ಲೈತಿ ಅಂತ ಕೇಳಾಕ ಹತ್ಯಾರ. ಅದಕ್ಕ ನಮ್ಮ ಮನಿ ಮಾಳಿಗಿ ಬಿಟ್ಟುಕೊಡತೇನಿ ಅಂತ ಹೇಳೇನಿ.

ರವಿವಾರ ಮುಂಜಾನೆ ಹತ್ತಕ್ಕ ಆರಿಸೂ ಕೆಲಸ ಸುರು. ಬರೋರು ಮುಖಕ್ಕ ಕಟ್ಟಾಕ ಅರಿವಿ ತರ್ರಿ, ಧೂಳ ಭಾಳ ಐತಿ.

ಕುಂದಗೋಳ ಹತ್ತಿ
ಮಾಳಿಗಿ ಮ್ಯಾಲ ತಗಡಿದ್ರ ಬ್ಯಾಸಿಗಿ ಝಳಕ್ಕ ಕಾಗದ ಒಣಗಿ ಪುಡಿ ಆಗತೈತಿ ಅಣ್ಣಾರ. ಕೆಳಗಿನ ಖೋಲಿ ನೋಡ್ರಿ.

ಸಪ್ತಾಪುರದ ಅಕ್ಕ
ನೆಂದ ಕೀರ್ದಿಯನ್ನು ಬಿಸಿಲಿಗೆ ಹಾಕಬೇಡಿ. ನೆರಳಿನಲ್ಲಿ ಫ್ಯಾನ್ ಗಾಳಿಗೆ ನಿಲ್ಲಿಸಿ, ಹಾಳೆಗಳ ನಡುವೆ ಅಚ್ಚಿಲ್ಲದ ಬಿಳಿ ಕಾಗದ ಇಟ್ಟು, ತೇವ ಹೀರಿದಂತೆ ಬದಲಿಸುತ್ತ ಹೋಗಿ. ಶಾಯಿ ಕಲಸಿದ್ದರೂ ಪೆನ್ನು ಒತ್ತಿದ ಗುರುತು ಕಾಗದದಲ್ಲಿ ಉಳಿದಿರಬಹುದು. ಓರೆ ಬೆಳಕು ಬಿಟ್ಟು ನೋಡಿದರೆ ಆ ಕಡೆಯ ಕಂತೂ ಓದಲು ಬಂದೀತು. ರವಿವಾರ ನಾನು ಟಾರ್ಚ್ ತರುತ್ತೇನೆ.

ಹೆಸರು ಬ್ಯಾಡ
ನಾನೂ ಬರತೇನಿ ಅಕ್ಕಾರ. ಹಾವೇರಿಯಿಂದ ಮುಂಜಾನೆ ಮೊದಲ ಬಸ್ಸಿಗೆ ಹತ್ತತೇನಿ.